ಕಿವಿಗೆ ಕೇಳದ ನಾದಕ್ಕೆ ಹಣ ಕೊಡಬೇಕೆ?

1988ರಲ್ಲಿ ತೆರೆಕಂಡ ‘ಅಕಿರಾ’ ಜಪಾನಿನ ಅನಿಮೆ ಚರಿತ್ರೆಯಲ್ಲಿ ಮೈಲಿಗಲ್ಲು ಎನಿಸಿದ ಚಿತ್ರ. ಕತ್ಸುಹಿರೊ ಒಟೊಮೊ ನಿರ್ದೇಶಿಸಿದ ಈ ಚಿತ್ರದಷ್ಟೇ ಅದರ ಸಂಗೀತವೂ ಹೆಸರುವಾಸಿ. ಬಾಲಿ ದ್ವೀಪದ ಬಿದಿರಿನ ವಾದ್ಯ ಜೆಗೋಗ್, ಜಪಾನಿನ ನೋ ನಾಟಕದ ಗಾಯನ, ದೊಡ್ಡ ವೃಂದಗಾನ, ಸಿಂಥಸೈಜರ್ ಇವೆಲ್ಲವನ್ನೂ ಬೆಸೆದು ಅದನ್ನು ಕಟ್ಟಿದ್ದು ‘ಗೈನೋ ಯಮಶಿರೋಗುಮಿ’ ಎಂಬ ತಂಡ. ತಂಡದ ನಾಯಕ ಶೋಜಿ ಯಮಶಿರೋ. ಆ ಹೆಸರಿನ ಹಿಂದಿದ್ದವರು ತ್ಸುತೊಮು ಓಹಾಶಿ ಎಂಬ ವಿಜ್ಞಾನಿ. ಮನುಷ್ಯರ ಕಿವಿಗೆ ಕೇಳಿಸದಷ್ಟು ಎತ್ತರದ ಕಂಪನಗಳೂ ಮಿದುಳಿನ ಮೇಲೆ ಪರಿಣಾಮ ಬೀರುತ್ತವೆ ಎಂದು 2000ದಲ್ಲಿ ಪ್ರಬಂಧ ಪ್ರಕಟಿಸಿ ಚರ್ಚೆ ಎಬ್ಬಿಸಿದವರು ಇವರೇ.

ಆ ಚರ್ಚೆಗೂ ಇಂದಿನ ಅನಿಮೆ ಸಂಗೀತಪ್ರಿಯರ ಜೇಬಿಗೂ ನೇರ ನಂಟಿದೆ. ಜಪಾನಿನ ‘ಮೋರಾ’ದಂಥ ಡೌನ್‌ಲೋಡ್ ಅಂಗಡಿಗಳಲ್ಲಿ ಒಂದೇ ಆಲ್ಬಮ್ ಎರಡು ದರಗಳಲ್ಲಿ ಸಿಗುತ್ತದೆ. ಒಂದು ಸಂಕುಚಿಸಿದ ಸಾಮಾನ್ಯ ಫೈಲು, ಇನ್ನೊಂದು ಅದಕ್ಕಿಂತ ದುಬಾರಿಯಾದ ‘ಹೈ-ರೆಸ್’ ಫೈಲು. ಹೆಡ್‌ಫೋನ್ ಡಬ್ಬಿಗಳ ಮೇಲೂ ಕಪ್ಪು-ಬಂಗಾರದ ‘ಹೈ-ರೆಸ್ ಆಡಿಯೊ’ ಮುದ್ರೆ ಕಾಣುತ್ತದೆ. 2014ರಿಂದ ಜಪಾನ್ ಆಡಿಯೊ ಸೊಸೈಟಿ ಕೊಡುತ್ತಿರುವ ಈ ಮುದ್ರೆ ಬೇಕಾದರೆ ಹೆಡ್‌ಫೋನು 40 ಕಿಲೋಹರ್ಟ್ಜ್‌ವರೆಗೆ ಕಂಪಿಸಬಲ್ಲದಾಗಿರಬೇಕು. ನಮ್ಮ ಕಿವಿಯ ಮಿತಿ ಹೆಚ್ಚೆಂದರೆ 20 ಕಿಲೋಹರ್ಟ್ಜ್. ಹಾಗಾದರೆ ಉಳಿದ ಅರ್ಧಕ್ಕೆ ನಾವು ಹಣ ಕೊಡುತ್ತಿರುವುದು ಯಾತಕ್ಕೆ?

ತಟ್ಟೆ ಕೊಳ್ಳುವ ದೇಶ

ಧ್ವನಿಮುದ್ರಿತ ಸಂಗೀತದ ಮಾರುಕಟ್ಟೆಯಲ್ಲಿ ಅಮೆರಿಕದ ನಂತರದ ಸ್ಥಾನ ಜಪಾನಿನದು. ಜಗತ್ತೆಲ್ಲ ಸ್ಟ್ರೀಮಿಂಗ್ ಕಡೆ ಹೊರಳಿದ ಮೇಲೂ ಅಲ್ಲಿನ ಸಂಗೀತೋದ್ಯಮದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುತ್ತಿರುವುದು ಸಿಡಿಯಂಥ ಕೈಗೆ ಸಿಗುವ ಸರಕಿನಿಂದ. ಜಗತ್ತಿನ ಮೊದಲ ಸಿಡಿ ಪ್ಲೇಯರನ್ನು 1982ರ ಅಕ್ಟೋಬರಿನಲ್ಲಿ ಸೋನಿ ಮಾರಾಟಕ್ಕಿಟ್ಟದ್ದೂ ಅಲ್ಲೇ. ಹೊಸ ಸಿಡಿಯ ದರವನ್ನು ಕಂಪನಿಯೇ ನಿಗದಿಪಡಿಸಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಹಾಗಾಗಿ ಯಾವ ಅಂಗಡಿಗೆ ಹೋದರೂ ಆಲ್ಬಮ್ಮೊಂದಕ್ಕೆ ಹೆಚ್ಚುಕಡಿಮೆ ಅದೇ 3,000 ಯೆನ್.

ಅನಿಮೆ ಅಭಿಮಾನಿಗಳು ಹಾಡನ್ನು ಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಟಿವಿ ಸರಣಿಯ ಆರಂಭದಲ್ಲಿ ಕೇಳುವ ಹಾಡು ಸುಮಾರು 90 ಸೆಕೆಂಡಿನದು. ಇಡೀ ಹಾಡು ಕೇಳಬೇಕೆಂದರೆ ಅದನ್ನು ಪ್ರತ್ಯೇಕವಾಗಿ ಹುಡುಕಬೇಕು. ಸಿಡಿಯಲ್ಲಿ ಪೂರ್ಣ ಹಾಡಿನ ಜೊತೆಗೆ ಗಾಯನವಿಲ್ಲದ ವಾದ್ಯಸಂಗೀತವೂ ಸಾಹಿತ್ಯದ ಪುಸ್ತಿಕೆಯೂ ಸಿಗುತ್ತವೆ. ವಾದ್ಯ ನುಡಿಸಿದವರ, ಧ್ವನಿ ಮುದ್ರಿಸಿದವರ ಹೆಸರುಗಳೂ ಅಲ್ಲಿರುತ್ತವೆ. ಹಳೆಯದನ್ನು ಹುಡುಕುವವರಿಗೆ ‘ಬುಕ್ ಆಫ್’, ‘ಡಿಸ್ಕ್ ಯೂನಿಯನ್’ ಅಂಗಡಿಗಳಿವೆ. ಟೋಕಿಯೊದ ನಕಾನೊ ಬ್ರಾಡ್‌ವೇಯಲ್ಲಿ ‘ಮಂದರಾಕೆ’ ಇದೆ.

ಕರ್ನಾಟಕದಲ್ಲಿ ಕೂತು ಅಂಚೆಯಲ್ಲಿ ತರಿಸುವವರು ಒಂದು ಸಂಗತಿ ತಿಳಿದಿರಬೇಕು. ಡಿವಿಡಿ ಮತ್ತು ಬ್ಲೂ-ರೇಗಳಿಗೆ ಪ್ರದೇಶದ ಬೀಗವಿರುತ್ತದೆ. ಡಿವಿಡಿಯಲ್ಲಿ ಜಪಾನಿನದು 2ನೇ ವಲಯ, ಭಾರತದ್ದು 5ನೆಯದು. ಬ್ಲೂ-ರೇಯಲ್ಲಿ ಜಪಾನ್ ‘ಎ’ ವಲಯ, ಭಾರತ ‘ಸಿ’ ವಲಯ. ಸಾಧಾರಣ ಸಂಗೀತ ಸಿಡಿಗೆ ಇಂಥ ಬೀಗವಿಲ್ಲ, ಯಾವ ದೇಶದ ಪ್ಲೇಯರಿನಲ್ಲೂ ಅದು ನುಡಿಯುತ್ತದೆ. ಜಪಾನಿನ ಡೌನ್‌ಲೋಡ್ ಅಂಗಡಿಗಳಲ್ಲಿ ಹಲವು ಹೊರದೇಶದವರಿಗೆ ಮಾರುವುದೇ ಇಲ್ಲ. ಆದ್ದರಿಂದ ನಷ್ಟವಿಲ್ಲದ ಗುಣಮಟ್ಟದ ಫೈಲು ಬೇಕೆಂದವರಿಗೆ ಸಿಡಿ ತರಿಸಿ ಅದರಿಂದ ಫ್ಲ್ಯಾಕ್ ಫೈಲು ಮಾಡಿಕೊಳ್ಳುವುದು ಇವತ್ತಿಗೂ ನಂಬಿಕಸ್ತ ದಾರಿ.

44,100ರ ಲೆಕ್ಕ

ಸಿಡಿಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತಾರೆ. ಅಳತೆ ಅಳತೆಗಳ ನಡುವೆ ಏನೋ ಕಳೆದುಹೋಗುತ್ತದೆ, ಅಲೆ ಮೆಟ್ಟಿಲು ಮೆಟ್ಟಿಲಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಗಣಿತ ಹಾಗೆ ಹೇಳುವುದಿಲ್ಲ. ಒಂದು ಸಂಕೇತದಲ್ಲಿರುವ ಅತಿ ಎತ್ತರದ ಕಂಪನಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಅಳೆದರೆ ಮೂಲ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು ಎಂಬುದು ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶಾನನ್ ಅವರ ಹೆಸರಿನಲ್ಲಿರುವ ಪ್ರಮೇಯ. 44,100ರ ಅರ್ಧ 22,050. ಮಕ್ಕಳ ಕಿವಿಯ ಮಿತಿ 20,000 ಹರ್ಟ್ಜ್. ನಡುವಯಸ್ಸಿನ ಹೊತ್ತಿಗೆ ಬಹುತೇಕರಿಗೆ 15-16 ಸಾವಿರದಾಚೆ ಏನೂ ಕೇಳಿಸದು. ಅಂದರೆ ಕೇಳುವಷ್ಟು ನಾದವೆಲ್ಲ ಸಿಡಿಯೊಳಗೆ ಹಿಡಿಸುತ್ತದೆ.

ಬಿಟ್‌ಗಳ ವಿಚಾರವೂ ಹೀಗೆಯೇ. 16 ಬಿಟ್‌ಗಳಲ್ಲಿ 65,536 ಮಟ್ಟಗಳಿವೆ. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರವನ್ನು ಅವು ಹಿಡಿಯುತ್ತವೆ. ಹೈ-ರೆಸ್ ಫೈಲಿನ 24 ಬಿಟ್‌ಗಳು 144 ಡೆಸಿಬೆಲ್ ಹಿಡಿಯುತ್ತವೆ. ಸ್ಟುಡಿಯೊದಲ್ಲಿ ಮುದ್ರಿಸುವಾಗ, ಹತ್ತಾರು ಟ್ರ್ಯಾಕ್‌ಗಳನ್ನು ಬೆರೆಸುವಾಗ ಈ ಹೆಚ್ಚುವರಿ ಜಾಗ ನಿಜಕ್ಕೂ ಬೇಕು. ಆದರೆ ಮನೆಯ ನಿಶ್ಶಬ್ದ ಕೋಣೆಯಲ್ಲೂ 30 ಡೆಸಿಬೆಲ್ ಆಸುಪಾಸಿನ ಹಿನ್ನೆಲೆ ಸದ್ದಿರುತ್ತದೆ. ಅದರ ಮೇಲೆ 96 ಡೆಸಿಬೆಲ್ ಸೇರಿಸಿದರೆ ಕಿವಿ ನೋಯುವ ಮಟ್ಟ ಮುಟ್ಟುತ್ತದೆ.

ಫೈಲಿನ ಗಾತ್ರ ಮಾತ್ರ ಖಂಡಿತ ಬೆಳೆಯುತ್ತದೆ. ನಾಲ್ಕು ನಿಮಿಷದ ಹಾಡು ಸಂಕುಚಿಸದ ಸಿಡಿ ರೂಪದಲ್ಲಿ ಸುಮಾರು 42 ಎಂಬಿ. ಅದೇ ಹಾಡು 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ 138 ಎಂಬಿ. 192 ಕಿಲೋಹರ್ಟ್ಜ್ ಆದರೆ 276 ಎಂಬಿ.

ಓಹಾಶಿ ಕಂಡದ್ದು

ಇಷ್ಟಾದರೂ ಓಹಾಶಿಯವರ ವಾದವನ್ನು ತಳ್ಳಿಹಾಕುವ ಮುನ್ನ ಅದೇನೆಂದು ನೋಡಬೇಕು. ಬಾಲಿಯ ಗ್ಯಾಮೆಲಾನ್ ವಾದ್ಯಗಳ ನಾದದಲ್ಲಿ 20 ಕಿಲೋಹರ್ಟ್ಜ್‌ಗಿಂತ ಬಹಳ ಮೇಲಿನ ಕಂಪನಗಳು ಹೇರಳವಾಗಿವೆ. ಓಹಾಶಿ ತಂಡ ಈ ಸಂಗೀತವನ್ನು ಎರಡು ಭಾಗ ಮಾಡಿತು, ಕೇಳಿಸುವ ಭಾಗ ಮತ್ತು ಕೇಳಿಸದ ಭಾಗ. ಎರಡನ್ನೂ ಒಟ್ಟಿಗೆ ನುಡಿಸಿದಾಗ ಕೇಳುಗರ ಮಿದುಳಿನಲ್ಲಿ ಆಲ್ಫಾ ಅಲೆಗಳು ಹೆಚ್ಚಿದವು, ಮಿದುಳುಕಾಂಡ ಮತ್ತು ಥಲಾಮಸ್‌ಗಳಲ್ಲಿ ರಕ್ತದ ಹರಿವು ಏರಿತು. ಕೇಳಿಸದ ಭಾಗವನ್ನಷ್ಟೇ ನುಡಿಸಿದಾಗ ಹಾಗಾಗಲಿಲ್ಲ. ಇದಕ್ಕೆ ಅವರು ‘ಹೈಪರ್‌ಸಾನಿಕ್ ಪರಿಣಾಮ’ ಎಂದು ಹೆಸರಿಟ್ಟರು. 2009ರಲ್ಲಿ ಬಂದ ‘ಅಕಿರಾ’ ಬ್ಲೂ-ರೇಯಲ್ಲಿ ಜಪಾನಿ ಧ್ವನಿಪಥವನ್ನು 24 ಬಿಟ್, 192 ಕಿಲೋಹರ್ಟ್ಜ್‌ನಲ್ಲಿ ಕೊಟ್ಟದ್ದು ಇದೇ ನಂಬಿಕೆಯಿಂದ.

ಈ ಫಲಿತಾಂಶವನ್ನು ಎಲ್ಲರೂ ಒಪ್ಪಿಲ್ಲ. ಜಪಾನಿನದೇ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸಂಶೋಧಕರು ಅತಿ ಎತ್ತರದ ಕಂಪನಗಳನ್ನು ಸೇರಿಸಿ, ತೆಗೆದು ಕೇಳಿಸಿದಾಗ ಕೇಳುಗರು ವ್ಯತ್ಯಾಸ ಗುರುತಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. 2007ರಲ್ಲಿ ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಹೈ-ರೆಸ್ ಧ್ವನಿಯನ್ನೂ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ ಧ್ವನಿಯನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಸರಿಯುತ್ತರದ ಪ್ರಮಾಣ ಶೇ 52ರ ಆಸುಪಾಸಿನಲ್ಲಿತ್ತು. ತರಬೇತಿ ಪಡೆದ ಕೇಳುಗರು ಇನ್ನಷ್ಟು ಚೆನ್ನಾಗಿ ಗುರುತಿಸಿದರು. ವ್ಯತ್ಯಾಸ ಇದ್ದರೂ ಅದು ಬಲು ಸಣ್ಣದು ಎಂಬುದಷ್ಟೇ ಇದರ ಸಾರ.

ಹೆಡ್‌ಫೋನ್ ಪ್ರಿಯರು ಗಮನಿಸಲೇಬೇಕಾದ ಪ್ರಯೋಗ ಬಂದದ್ದು ಓಹಾಶಿ ತಂಡದಿಂದಲೇ, 2006ರಲ್ಲಿ. ಈ ಸಲ ಅವರು ಅತಿ ಎತ್ತರದ ಕಂಪನಗಳನ್ನು ಒಮ್ಮೆ ಇಯರ್‌ಫೋನಿನಿಂದ ಕಿವಿಗಷ್ಟೇ ತಲುಪಿಸಿದರು, ಇನ್ನೊಮ್ಮೆ ಸ್ಪೀಕರಿನಿಂದ ಇಡೀ ಮೈಗೆ ತಾಕುವಂತೆ ನುಡಿಸಿದರು. ಪರಿಣಾಮ ಕಂಡದ್ದು ಎರಡನೆಯ ಸಲ ಮಾತ್ರ. ಹೈಪರ್‌ಸಾನಿಕ್ ಪರಿಣಾಮ ನಿಜವೆಂದೇ ಇಟ್ಟುಕೊಂಡರೂ ಅದು ಕಿವಿಯ ಮೂಲಕ ಬರುವುದಿಲ್ಲ ಎಂದು ಅದನ್ನು ಮಂಡಿಸಿದವರೇ ತೋರಿಸಿಕೊಟ್ಟಂತಾಯಿತು. ಹೆಡ್‌ಫೋನಿನ ಮೇಲಿನ 40 ಕಿಲೋಹರ್ಟ್ಜ್ ಮುದ್ರೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ವ್ಯತ್ಯಾಸ ಹುಟ್ಟುವ ಜಾಗ

ಹಾಗಿದ್ದೂ ಹಲವರಿಗೆ ಹೈ-ರೆಸ್ ಆವೃತ್ತಿ ಬೇರೆಯಾಗಿ ಕೇಳಿಸುತ್ತದೆ, ಅದು ಸುಳ್ಳೂ ಅಲ್ಲ. ಬಹುಮಟ್ಟಿಗೆ ಅದಕ್ಕೆ ಕಾರಣ ಮಾಸ್ಟರಿಂಗ್. ಹಾಡನ್ನು ಮಿಶ್ರಣ ಮಾಡಿದ ಮೇಲೆ ಬಿಡುಗಡೆಗೆ ಅಣಿಗೊಳಿಸುವ ಕೊನೆಯ ಹಂತ ಅದು. ಹೈ-ರೆಸ್ ಬಿಡುಗಡೆಗೆಂದು ಹೊಸದಾಗಿ ಮಾಸ್ಟರಿಂಗ್ ಮಾಡಿದ್ದರೆ ಸ್ವರಗಳ ತೂಕ, ಜೋರು-ಮೆದುವಿನ ಅಂತರ ಎಲ್ಲವೂ ಬದಲಾಗಿರುತ್ತವೆ. ಆ ಬದಲಾವಣೆಯನ್ನು ಸಿಡಿ ಗುಣಮಟ್ಟಕ್ಕೆ ಇಳಿಸಿದರೂ ಹಾಗೆಯೇ ಕೇಳಬಹುದು. ಹಳೆಯ ಮಾಸ್ಟರನ್ನೇ ದೊಡ್ಡ ಫೈಲಿಗೆ ಏರಿಸಿ ಮಾರಿದ್ದರೆ ಸಿಗುವುದು ಗಾತ್ರ ಮಾತ್ರ. ಬಾವಿಯಲ್ಲಿಲ್ಲದ ನೀರು ಕೊಡ ದೊಡ್ಡದಾದರೆ ಬರುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಉಚಿತವಾಗಿ ಸಿಗುವ ‘ಆಡಾಸಿಟಿ’ ತಂತ್ರಾಂಶದಲ್ಲಿ ಇತ್ತೀಚಿನ ಯಾವುದಾದರೂ ಆರಂಭಗೀತೆಯನ್ನು ತೆರೆಯಿರಿ. ಅಲೆಯ ಚಿತ್ರ ಪರದೆಯ ಮೇಲಂಚಿಗೂ ಕೆಳಅಂಚಿಗೂ ತಾಗಿ, ನಡುವೆ ಬಿಡುವೇ ಇಲ್ಲದ ಗಟ್ಟಿ ಪಟ್ಟೆಯಂತೆ ಕಾಣುವ ಸಾಧ್ಯತೆ ಹೆಚ್ಚು. ಟಿವಿಯಲ್ಲಿ, ಫೋನಿನಲ್ಲಿ ಎದ್ದು ಕೇಳಲೆಂದು ಮೆಲ್ಲನೆಯ ಭಾಗಗಳನ್ನು ಮೇಲೆತ್ತಿ, ಏರುವ ತುದಿಗಳನ್ನು ಅದುಮಿದ್ದರ ಫಲ ಅದು. ಆಮೇಲೆ ಅದೇ ಸರಣಿಯ ಹಿನ್ನೆಲೆ ಸಂಗೀತದ ಆಲ್ಬಮಿನಿಂದ ಪಿಯಾನೊ ಅಥವಾ ತಂತಿವಾದ್ಯಗಳ ಒಂದು ತುಣುಕನ್ನು ತೆರೆಯಿರಿ. ಅಲ್ಲಿ ಅಲೆ ಏರುತ್ತದೆ, ಇಳಿಯುತ್ತದೆ, ಕೆಲವೆಡೆ ಗೆರೆಯಷ್ಟು ತೆಳುವಾಗುತ್ತದೆ. ಒಳ್ಳೆಯ ಹೆಡ್‌ಫೋನು ತನ್ನ ಬೆಲೆಗೆ ನ್ಯಾಯ ಸಲ್ಲಿಸುವುದು ಇಂಥ ತುಣುಕುಗಳಲ್ಲಿ. ಯೋಕೊ ಕಾನ್ನೊ ‘ಸೀಟ್‌ಬೆಲ್ಟ್ಸ್’ ತಂಡದೊಂದಿಗೆ 1998ರ ‘ಕೌಬಾಯ್ ಬೀಬಾಪ್’ ಸರಣಿಗೆ ಮಾಡಿದ ಜಾಝ್ ಸಂಗೀತ, ಜೋ ಹಿಸಾಯಿಶಿ ಹಯಾವೊ ಮಿಯಾಝಾಕಿಯ ಚಿತ್ರಗಳಿಗೆ ಕಟ್ಟಿದ ವಾದ್ಯವೃಂದ ಸಂಗೀತ ಶುರು ಮಾಡುವವರಿಗೆ ಒಳ್ಳೆಯ ಆಯ್ಕೆಗಳು.

ಹೆಡ್‌ಫೋನಿನ ಒಳಗೆ

ದುಬಾರಿ ಹೆಡ್‌ಫೋನುಗಳಲ್ಲೇ ವಿಶಿಷ್ಟವಾದದ್ದು ಜಪಾನಿನ ‘ಸ್ಟ್ಯಾಕ್ಸ್’. 1938ರಲ್ಲಿ ಸ್ಥಾಪನೆಯಾದ ಈ ಕಂಪನಿ 1960ರಲ್ಲಿ ಜಗತ್ತಿನ ಮೊದಲ ಸ್ಥಿರವಿದ್ಯುತ್ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಸಾಧಾರಣ ಹೆಡ್‌ಫೋನಿನಲ್ಲಿ ಸುರುಳಿ ಸುತ್ತಿದ ತಂತಿ ಅಯಸ್ಕಾಂತದ ಎದುರು ಅಲುಗಾಡಿ ಪೊರೆಯನ್ನು ತಳ್ಳುತ್ತದೆ. ಸ್ಟ್ಯಾಕ್ಸ್‌ನಲ್ಲಿ ಸುರುಳಿಯೇ ಇಲ್ಲ. ತೂತುಗಳಿರುವ ಎರಡು ಲೋಹದ ಫಲಕಗಳ ನಡುವೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟೇ ದಪ್ಪದ ಪ್ಲಾಸ್ಟಿಕ್ ಪೊರೆಯನ್ನು ಬಿಗಿದಿರುತ್ತಾರೆ. ಈಗಿನ ಮಾದರಿಗಳಲ್ಲಿ ಆ ಪೊರೆಗೆ 580 ವೋಲ್ಟ್ ವಿದ್ಯುತ್ತಿನ ಆವೇಶ ಕೊಟ್ಟಿರುತ್ತಾರೆ. ಸಂಗೀತದ ಸಂಕೇತ ಫಲಕಗಳಿಗೆ ಹೋಗುತ್ತದೆ. ಒಂದು ಫಲಕ ಪೊರೆಯನ್ನು ಸೆಳೆಯುವಾಗ ಇನ್ನೊಂದು ದೂಡುತ್ತದೆ. ಇಡೀ ಪೊರೆ ಒಂದೇ ಬಲಕ್ಕೆ ಒಟ್ಟಿಗೆ ಚಲಿಸುವುದರಿಂದ ವಿರೂಪ ಬಹಳ ಕಡಿಮೆ. ಇದಕ್ಕೆ ಅದರದೇ ಆದ ವಿಶೇಷ ಆಂಪ್ಲಿಫೈಯರ್ ಬೇಕು, ಫೋನಿಗೆ ನೇರವಾಗಿ ಸಿಕ್ಕಿಸಲಾಗದು.

ಜಪಾನಿನ ಸ್ಟುಡಿಯೊಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವುದು ಮಾತ್ರ 1989ರಲ್ಲಿ ಸೋನಿ ರೂಪಿಸಿದ ಎಂಡಿಆರ್-ಸಿಡಿ900ಎಸ್‌ಟಿ. ಕೆಂಪು ಗೆರೆಯ ಈ ಕಪ್ಪು ಹೆಡ್‌ಫೋನು ಗಾಯಕರ ತಲೆಯ ಮೇಲಿರುವುದನ್ನು ‘ದ ಫಸ್ಟ್ ಟೇಕ್’ ವಿಡಿಯೊಗಳಲ್ಲಿ ನೀವೂ ನೋಡಿರಬಹುದು. ಅದರ ಬೆಲೆ 20,000 ಯೆನ್ ಆಸುಪಾಸು. ಲಕ್ಷ ರೂಪಾಯಿಯ ಹೆಡ್‌ಫೋನಿನಲ್ಲಿ ನಾವು ಕೇಳುವ ಎಷ್ಟೋ ಹಾಡುಗಳನ್ನು ಹಾಡಿದವರು, ಮುದ್ರಿಸಿದವರು ಕೇಳಿಸಿಕೊಂಡದ್ದು ಇದರಲ್ಲಿ.

ಬೆಲೆ ಹೆಚ್ಚಿದಂತೆ ಧ್ವನಿ ಸಮತೋಲನ ಸುಧಾರಿಸುತ್ತದೆಯೇ? 2017ರಲ್ಲಿ ಸಂಶೋಧಕ ಜೆರೋನ್ ಬ್ರೇಬಾರ್ಟ್ 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯೊಂದಿಗೆ ಹೋಲಿಸಿದಾಗ ಎರಡಕ್ಕೂ ಸಂಬಂಧವೇ ಕಾಣಲಿಲ್ಲ. ಕಿವಿಯ ಆಕಾರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಿವಿಯ ನಾಳವೇ 3 ಕಿಲೋಹರ್ಟ್ಜ್ ಹತ್ತಿರದ ಸ್ವರಗಳನ್ನು ಎತ್ತಿ ಕೊಡುತ್ತದೆ, ಹೊರಗಿವಿಯ ಮಡಿಕೆಗಳು ಅದಕ್ಕೂ ಮೇಲಿನವನ್ನು ತಿದ್ದುತ್ತವೆ. ಒಬ್ಬರ ಕಿವಿ ಇನ್ನೊಬ್ಬರಂತಿಲ್ಲ. ಅನಿಮೆ ಹಾಡುಗಳಲ್ಲಿ ಎತ್ತರದ ಸ್ತ್ರೀಕಂಠ ಸಾಮಾನ್ಯ. ಹೆಡ್‌ಫೋನು 6ರಿಂದ 8 ಕಿಲೋಹರ್ಟ್ಜ್ ನಡುವೆ ಉಬ್ಬಿದ್ದರೆ ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಮುಚ್ಚಿದ ಬಗೆಯ ಹೆಡ್‌ಫೋನಿನ ಮೆತ್ತೆಗೂ ಕೆನ್ನೆಗೂ ನಡುವೆ ಕನ್ನಡಕದ ಕಡ್ಡಿ ಬಂದರೆ ಅಲ್ಲಿಂದ ಗಾಳಿ ಸೋರಿ ತಗ್ಗಿನ ಸ್ವರಗಳು ಸೊರಗುತ್ತವೆ. ಟೋಕಿಯೊದ ಅಕಿಹಬರಾದಲ್ಲಿರುವ ‘ಇ-ಇಯರ್‌ಫೋನ್’ ಅಂಗಡಿಗೆ ಜನ ತಮ್ಮದೇ ಪ್ಲೇಯರ್, ತಮ್ಮದೇ ಹಾಡು ಒಯ್ದು ಹಾಕಿ ನೋಡಿಯೇ ಕೊಳ್ಳುವುದು ಇದಕ್ಕಾಗಿಯೇ.

ಕೊಳ್ಳುವ ಮುನ್ನ

ಹೈ-ರೆಸ್ ಫೈಲಿಗೆ ಹಣ ಹಾಕುವ ಮೊದಲು ನಿಮ್ಮ ಕಿವಿಯನ್ನೇ ಪರೀಕ್ಷಿಸಿಕೊಳ್ಳಿ. ಹೈ-ರೆಸ್ ಹಾಡೊಂದನ್ನು ಸಿಡಿ ಗುಣಮಟ್ಟಕ್ಕೆ ಇಳಿಸಿ, ಎರಡರ ಜೋರನ್ನೂ ಸಮ ಮಾಡಿ, ‘ಫೂಬಾರ್2000’ ತಂತ್ರಾಂಶದ ಎಬಿಎಕ್ಸ್ ಪರೀಕ್ಷೆಯಲ್ಲಿ ಯಾವುದು ಯಾವುದೆಂದು ತಿಳಿಯದಂತೆ ಕೇಳಿ. ಜೋರು ಸಮ ಮಾಡುವುದು ಮುಖ್ಯ. ಕೊಂಚವೇ ಜೋರಾಗಿರುವ ಹಾಡು ನಮಗೆಲ್ಲ ‘ಉತ್ತಮ’ವಾಗಿಯೇ ಕೇಳಿಸುತ್ತದೆ.

ಕಿವಿಯ ಕಾಳಜಿಯೂ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿಸಿದರೆ ಆ ಮಿತಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಿಮ್ಮಲ್ಲಿರುವ ಹಣವನ್ನು ಮೊದಲು ಸಂಗೀತಕ್ಕೆ ಕೊಡಿ. ಒಳ್ಳೆಯ ಮಾಸ್ಟರಿಂಗ್ ಇರುವ ಸಿಡಿಯನ್ನೋ ನಷ್ಟವಿಲ್ಲದ ಫೈಲನ್ನೋ ಕೊಳ್ಳಿ, ಸಂಗೀತಗಾರರಿಗೂ ಅದರಿಂದ ಪಾಲು ಸಲ್ಲುತ್ತದೆ. ಆಮೇಲೆ ನಿಮ್ಮ ಕಿವಿಗೆ, ತಲೆಗೆ ಒಪ್ಪುವ ಹೆಡ್‌ಫೋನನ್ನು ಹಾಕಿ ನೋಡಿ ಆರಿಸಿಕೊಳ್ಳಿ. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗಳಿಗೆ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ.