ನೀರು ಜಾರಿತೋ, ಮಣಿ ಅಲೆಯಿತೋ?

ಕಾಲುವೆಯ ನಡುವೆ ತೇಲುವ ಎಲೆಯು ಬೇಗ ಸಾಗುವುದನ್ನೂ, ದಡದ ಬಳಿಯ ಎಲೆಯು ಹಿಂದೆ ಉಳಿಯುವುದನ್ನೂ ವಾಚಕರು ನೋಡಿಯೇ ಇರುತ್ತಾರೆ. ಗೋಡೆಗೆ ತಾಗಿದ ನೀರಿನ ವೇಗವು ಸೊನ್ನೆ ಎಂದು ನಾವು ತರಗತಿಯಲ್ಲಿ ಪಾಠ ಹೇಳುವುದುಂಟು. ಇದು ಎಲ್ಲ ಗೋಡೆಗಳಿಗೂ ಕರಾರುವಾಕ್ಕಾಗಿ ಸಲ್ಲುವುದೇ? ದ್ರವವು ಗೋಡೆಯ ಮೇಲೆ ತುಸು ಜಾರಲೂಬಹುದೆಂದು ಫ್ರೆಂಚ್ ವಿಜ್ಞಾನಿ ನೇವಿಯರ್ 1820ರ ದಶಕದಲ್ಲಿಯೇ ಸೂಚಿಸಿದ್ದನು. ಕೂದಲಿಗಿಂತ ಕಿರಿದಾದ ನಾಳಗಳಲ್ಲಿ ದ್ರವಗಳನ್ನು ಹರಿಸುವ ಇಂದಿನ ಉಪಕರಣಗಳಿಗೆ ಇದು ಬರಿಯ ವಾದದ ವಿಷಯವಲ್ಲ.

ಅಳೆಯುವ ಬಗೆ ಹೀಗಿದೆ. 100 ನ್ಯಾನೊಮೀಟರ್ ವ್ಯಾಸದ, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಅಗಲದ, ಹೊಳೆಯುವ ಪ್ಲಾಸ್ಟಿಕ್ ಮಣಿಗಳನ್ನು ನೀರಿಗೆ ಬೆರೆಸುತ್ತಾರೆ. ಗಾಜಿನ ಗೋಡೆಯೊಳಗೆ ಪೂರ್ಣ ಆಂತರಿಕ ಪ್ರತಿಫಲನ ಹೊಂದುವ ಬೆಳಕು ಗೋಡೆಯಾಚೆಗಿನ ತೀರ ತೆಳುವಾದ ನೀರಿನ ಪದರವನ್ನಷ್ಟೇ ಬೆಳಗುವುದರಿಂದ, ಆ ಪದರದ ಮಣಿಗಳು ಮಾತ್ರ ಕಾಣುತ್ತವೆ. ಒಂದರ ಹಿಂದೊಂದು ಎರಡು ಚಿತ್ರ ತೆಗೆದು, ಮಣಿ ಸರಿದ ದೂರವನ್ನು ನಡುವಿನ ಕಾಲದಿಂದ ಭಾಗಿಸಿದರೆ ನೀರಿನ ವೇಗ ದೊರೆಯಬೇಕು.

ಆದರೆ ಮಣಿಯು ಸುಮ್ಮನಿರುವ ವಸ್ತುವಲ್ಲ. ನೀರಿನ ಅಣುಗಳ ಬಡಿತಕ್ಕೆ ಸಿಕ್ಕಿ ಅದು ಎತ್ತೆತ್ತಲೋ ಅಲೆಯುತ್ತದೆ. 1827ರಲ್ಲಿ ಬ್ರೌನ್ ಕಂಡ, 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಚಲನೆಯೇ ಇದು. ಐನ್‌ಸ್ಟೈನನ ಸೂತ್ರದಂತೆ ಲೆಕ್ಕ ಹಾಕಿದರೆ, ಸಾಮಾನ್ಯ ಉಷ್ಣತೆಯ ನೀರಿನಲ್ಲಿ ಈ ಮಣಿಯು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಸುಮಾರು 90 ನ್ಯಾನೊಮೀಟರ್ ಅತ್ತಿತ್ತ ಸರಿದಿರುತ್ತದೆ. ಗೋಡೆಯ ಸಮೀಪದಲ್ಲಿ ಸ್ವಲ್ಪ ಕಡಿಮೆ. ಅಲ್ಲಿ ನೀರು ಸೆಕೆಂಡಿಗೆ 0.1 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ, ಅದೇ ಕಾಲದಲ್ಲಿ ಪ್ರವಾಹವು ಮಣಿಯನ್ನು ಒಯ್ಯುವುದು 100 ನ್ಯಾನೊಮೀಟರ್ ಮಾತ್ರ!

ಸಾವಿರಾರು ಮಣಿಗಳ ಸರಾಸರಿ ತೆಗೆದರೆ ಆಯಿತಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಪ್ರವಾಹದ ದಿಕ್ಕಿನ ಮಟ್ಟಿಗೆ ಅದು ಸರಿ. ಹಿಂದೆ ಅಲೆದವೂ ಮುಂದೆ ಅಲೆದವೂ ಸರಿದೂಗುತ್ತವೆ. ತೊಡಕಿರುವುದು ಗೋಡೆಗೆ ಲಂಬವಾದ ಅಲೆತದಲ್ಲಿ. ಗೋಡೆಯ ಮಗ್ಗುಲಲ್ಲಿರುವ ಮಣಿಗೆ ಅತ್ತ ದಾರಿಯಿಲ್ಲ. ಅಲೆದರೆ ಇತ್ತಲೇ ಅಲೆಯಬೇಕು. ಇತ್ತಲೋ ನೀರಿನ ವೇಗ ಹೆಚ್ಚು. ಅಲ್ಲಿ ತುಸು ಹೊತ್ತು ಸವಾರಿ ಮಾಡಿದ ಮಣಿಯು ತನ್ನ ಪದರಕ್ಕೆ ಸಲ್ಲದಷ್ಟು ದೂರವನ್ನು ಕ್ರಮಿಸಿಬಿಡುತ್ತದೆ. ಆದಕಾರಣ ಸರಾಸರಿ ವೇಗವು ನಿಜಕ್ಕಿಂತ ಹೆಚ್ಚಾಗಿಯೇ ಬರುವುದು. ಲಕ್ಷ ಮಣಿ ಎಣಿಸಿದರೂ ಈ ದೋಷ ತಗ್ಗದು. ಈ ಅಂಕಿಗಳನ್ನು ನಂಬಿ ಗೋಡೆಯವರೆಗೆ ರೇಖೆ ಎಳೆದ ಪ್ರಯೋಗಕಾರನಿಗೆ, ಜಾರದ ನೀರೂ ಜಾರಿದಂತೆ ತೋರೀತು. ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ಮಿನಾಮಿ ಯೋದಾ ಮತ್ತು ಸಂಗಡಿಗರು 2007ರಲ್ಲಿ ಈ ದೋಷವನ್ನು ಲೆಕ್ಕ ಹಾಕಿ ತೋರಿಸಿದರು.

ಚಿತ್ರಗಳ ನಡುವಿನ ಕಾಲವನ್ನು ಕಿರಿದು ಮಾಡಿದರೆ ದೋಷವು ಕುಗ್ಗುತ್ತದೆ. ಆದರೆ ಮಣಿ ಸರಿಯುವ ದೂರವೂ ಕುಗ್ಗಿ ಅಳತೆಗೆ ಸಿಗದಂತಾಗುತ್ತದೆ. ದಪ್ಪ ಮಣಿಗಳು ಕಡಿಮೆ ಅಲೆಯುತ್ತವೆ, ನಿಜ. ಆದರೆ ಮಣಿಯ ಕೇಂದ್ರವು ತನ್ನ ತ್ರಿಜ್ಯಕ್ಕಿಂತ ಗೋಡೆಗೆ ಹತ್ತಿರ ಬರಲಾರದು, ನೋಡಬೇಕಾದ ಪದರವೇ ಕೈಬಿಟ್ಟುಹೋಗುವುದು. ಹಾಗಾಗಿ ಮಣಿಗಳ ಅಲೆತವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಹೆಚ್ಚಳವೆಷ್ಟೆಂದು ಕಂಡುಕೊಂಡು, ಅಳೆದ ವೇಗದಿಂದ ಅದನ್ನು ಕಳೆಯಬೇಕಾಗುತ್ತದೆ.