ಯಂತ್ರವು ಓದುವ ವಿವರಣೆ

ಗಣಕಯಂತ್ರಕ್ಕೆ ಬೇಕಾದ ಪ್ರೋಗ್ರಾಮುಗಳನ್ನು ಬರೆಯುವುದು ಈಚಿನವರೆಗೂ ಮನುಷ್ಯರ ಕೆಲಸವೇ ಆಗಿದ್ದಿತು. ಈಗ ಅದರಲ್ಲಿ ಒಂದು ಭಾಗವನ್ನು ಕೃತಕ ಬುದ್ಧಿಮತ್ತೆಯ ಏಜೆಂಟುಗಳು ನಿರ್ವಹಿಸುತ್ತಿವೆ. ‘ಇಲ್ಲಿರುವ ದೋಷವನ್ನು ಹುಡುಕಿ ಸರಿಪಡಿಸು’ ಎಂದು ಸಾಮಾನ್ಯ ಭಾಷೆಯಲ್ಲಿ ಹೇಳಿದರೆ ಸಾಕು. ಏಜೆಂಟು ಕಡತಗಳನ್ನು ತೆರೆದು ಓದುತ್ತದೆ, ತಿದ್ದುತ್ತದೆ, ತಿದ್ದಿದ್ದು ಸರಿಯೇ ಎಂದು ಪರೀಕ್ಷಿಸುತ್ತದೆ. ಇದನ್ನೆಲ್ಲ ಅದು ಮಾಡುವುದು ಹೇಗೆ? ಎಡವುವುದು ಎಲ್ಲಿ?

ಏಜೆಂಟಿನ ಕೇಂದ್ರದಲ್ಲಿರುವುದು ಒಂದು ಭಾಷಾಮಾದರಿ. ಮುಂದಿಟ್ಟ ಬರಹಕ್ಕೆ ತಕ್ಕಂತೆ ಮುಂದಿನ ಬರಹವನ್ನು ರಚಿಸುವುದೇ ಅದರ ಕೆಲಸ. ಒಂದು ಕಡತವನ್ನು ತಾನಾಗಿ ತೆರೆಯುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದ ಕಡತವನ್ನು ಓದಲು, ಪದವನ್ನು ಹುಡುಕಲು, ಪರೀಕ್ಷೆಯನ್ನು ನಡೆಸಲು ಬೇರೆ ಬೇರೆ ಸಣ್ಣ ಪ್ರೋಗ್ರಾಮುಗಳನ್ನು ಸಿದ್ಧಪಡಿಸಿರುತ್ತಾರೆ. ಇವೇ ಏಜೆಂಟಿನ ಸಾಧನಗಳು. ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಕೆಲವು ವಾಕ್ಯಗಳ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ—ಇಷ್ಟು ಇರುತ್ತವೆ. ಮಾದರಿಯು ಇವನ್ನು ಓದಿಕೊಂಡು, ‘ಇಂಥ ಸಾಧನವನ್ನು ಇಂಥ ಮಾಹಿತಿಯೊಡನೆ ನಡೆಸಬೇಕು’ ಎಂಬ ಕೋರಿಕೆಯನ್ನು ಬರೆಯುತ್ತದೆ. ಹೊರಗಿನ ಪ್ರೋಗ್ರಾಮು ಅದನ್ನು ನಡೆಸಿ, ಫಲಿತಾಂಶವನ್ನು ಮತ್ತೆ ಬರಹದ ರೂಪದಲ್ಲಿಯೇ ಹಿಂದಿರುಗಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಸಾಧನದ ಒಳರಚನೆ ಮಾದರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ, ಕಾಣುವುದು ವಿವರಣೆಯೊಂದೇ. ಮಾದರಿಯ ಪಾಲಿಗೆ ವಿವರಣೆಯೇ ಸಾಧನ. ವಿವರಣೆ ಮಸುಕಾದರೆ, ಎಷ್ಟೇ ಉತ್ತಮವಾದ ಸಾಧನವೂ ತಪ್ಪಾಗಿ ಬಳಕೆಯಾಗುತ್ತದೆ.

ಇದಕ್ಕೆ ಒಂದು ನಿಜವಾದ ಉದಾಹರಣೆಯನ್ನು ನೋಡೋಣ. ಏಜೆಂಟುಗಳ ಸಾಮರ್ಥ್ಯವನ್ನು ಅಳೆಯಲು 2023ರಲ್ಲಿ ಎಸ್‌ಡಬ್ಲ್ಯುಇ-ಬೆಂಚ್ ಎಂಬ ಪರೀಕ್ಷೆ ರೂಪುಗೊಂಡಿತು. ಪೈಥಾನ್ ಭಾಷೆಯ 12 ಯೋಜನೆಗಳಿಂದ ಆಯ್ದ 2,294 ನಿಜವಾದ ಸಮಸ್ಯೆಗಳು ಅದರಲ್ಲಿವೆ. ಈ ಪರೀಕ್ಷೆಗಾಗಿ ಏಜೆಂಟನ್ನು ಸಿದ್ಧಪಡಿಸುತ್ತಿದ್ದಾಗ ಆಂತ್ರೊಪಿಕ್ ಸಂಸ್ಥೆಯವರು ಕಂಡುಕೊಂಡದ್ದನ್ನು 2024ರಲ್ಲಿ ಪ್ರಕಟಿಸಿದರು. ಏಜೆಂಟು ಮೊದಲಿದ್ದ ಕಡತಕೋಶವನ್ನು ಬಿಟ್ಟು ಬೇರೆಡೆಗೆ ಹೋದ ಮೇಲೆ ಕಡತಗಳ ವಿಳಾಸವನ್ನು ತಪ್ಪಾಗಿ ಕೊಡುತ್ತಿದ್ದಿತು. ಕಾರಣ ಸರಳವಾದುದು. ‘ಎಡಗಡೆಯ ಮೂರನೆಯ ಮನೆ’ ಎಂಬ ವಿಳಾಸವು ಹೇಳುವವನು ನಿಂತ ಸ್ಥಳವನ್ನು ಅವಲಂಬಿಸಿರುತ್ತದೆ. ಊರು, ಬೀದಿ, ಮನೆಯ ಸಂಖ್ಯೆ ಸಹಿತವಾದ ವಿಳಾಸಕ್ಕೆ ಆ ತೊಡಕಿಲ್ಲ. ಯಾವಾಗಲೂ ಪೂರ್ಣ ವಿಳಾಸವನ್ನೇ ಕೊಡಬೇಕೆಂದು ಸಾಧನದ ನಿಯಮವನ್ನು ಬದಲಿಸಿದೊಡನೆ ಆ ತಪ್ಪು ನಿಂತಿತು. ಬದಲಾದದ್ದು ಮಾದರಿಯಲ್ಲ, ಸಾಧನ ಕೇಳುವ ರೀತಿ.

ಇನ್ನು ಏಕಮಾನಗಳ ವಿಷಯ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು ಮಂಗಳಗ್ರಹವನ್ನು ಸಮೀಪಿಸಿ ನಾಶವಾಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್-ಸೆಕೆಂಡುಗಳೆಂದು ತಿಳಿದದ್ದೇ ಅದಕ್ಕೆ ಕಾರಣ. ಇವೆರಡರ ನಡುವೆ ಸುಮಾರು 4.45 ಪಟ್ಟು ಅಂತರವಿದೆ. ಬರಿಯ ಸಂಖ್ಯೆ ತನ್ನ ಏಕಮಾನವನ್ನು ತಾನೇ ಹೇಳಲಾರದು. ಪರೀಕ್ಷೆ ನಡೆಸುವ ಸಾಧನದ ವಿವರಣೆಯಲ್ಲಿ ‘ಕಾಲಮಿತಿ’ ಎಂದಷ್ಟೇ ಇದ್ದರೆ ಏನಾದೀತು? ಏಜೆಂಟು 30 ಸೆಕೆಂಡುಗಳೆಂದು ಭಾವಿಸಿ 30 ಎಂದು ಬರೆಯುತ್ತದೆ. ಸಾಧನವು ಅದನ್ನು ಮಿಲಿಸೆಕೆಂಡುಗಳೆಂದು ಗ್ರಹಿಸಿ ಪರೀಕ್ಷೆಯನ್ನು ಆರಂಭದಲ್ಲಿಯೇ ನಿಲ್ಲಿಸುತ್ತದೆ. ಪರೀಕ್ಷೆ ವಿಫಲವಾಯಿತೆಂದು ತಿಳಿದ ಏಜೆಂಟು ಸರಿಯಾಗಿರುವ ಪ್ರೋಗ್ರಾಮನ್ನೇ ತಿದ್ದಿ ಕೆಡಿಸಬಹುದು!

ಒಂದನ್ನೊಂದು ಹೋಲುವ ಸಾಧನಗಳಿರುವಲ್ಲಿ, ಯಾವುದನ್ನು ಯಾವಾಗ ಬಳಸಬಾರದೆಂಬುದನ್ನೂ ಹೇಳಬೇಕು. ಪ್ರಯೋಗಶಾಲೆಯ ಆಮ್‌ಮೀಟರು, ವೋಲ್ಟ್‌ಮೀಟರುಗಳು ನೋಡಲು ಒಂದೇ ತೆರನಾಗಿವೆ. ಆದರೆ ರೋಧ ಅತ್ಯಲ್ಪವಾದ ಆಮ್‌ಮೀಟರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಅಧಿಕ ವಿದ್ಯುತ್ತು ಹರಿದು ಅದು ಸುಟ್ಟುಹೋಗಬಹುದು. ಹಾಗೆಯೇ, ಹೊಸ ಕಡತವನ್ನು ಬರೆಯುವ ಸಾಧನವೂ ಇರುವ ಕಡತದಲ್ಲಿ ಒಂದು ಸಾಲನ್ನು ತಿದ್ದುವ ಸಾಧನವೂ ಹೆಸರಿನಲ್ಲಿ ಹತ್ತಿರವಾಗಿರಬಹುದು. ‘ಇದು ಹಳೆಯ ಕಡತವನ್ನು ಪೂರ್ಣವಾಗಿ ಅಳಿಸಿ ಬರೆಯುತ್ತದೆ, ಸಣ್ಣ ತಿದ್ದುಪಡಿಗೆ ಬಳಸಬಾರದು’ ಎಂಬ ಒಂದು ವಾಕ್ಯ ದಿನಗಟ್ಟಲೆಯ ದುಡಿಮೆಯನ್ನು ಉಳಿಸೀತು.

ಸಾಧನವು ವಿಫಲವಾದಾಗ ಹಿಂದಿರುಗಿಸುವ ಮಾತೂ ವಿವರಣೆಯ ಅಂಗವೇ. ‘ತಪ್ಪಾಗಿದೆ’ ಎಂದಷ್ಟೇ ಹೇಳಿದರೆ ಏಜೆಂಟು ಊಹೆಗೆ ತೊಡಗುತ್ತದೆ. ‘ಹುಡುಕಿದ ಸಾಲು ಮೂರು ಕಡೆ ಇದೆ, ಅಕ್ಕಪಕ್ಕದ ಸಾಲುಗಳನ್ನೂ ಸೇರಿಸಿ ಕೊಡು’ ಎಂದರೆ ಮುಂದಿನ ಹೆಜ್ಜೆ ತಾನಾಗಿ ತಿಳಿಯುತ್ತದೆ.

ಹಾಗೆಂದು ವಿವರಣೆಯನ್ನು ಉದ್ದುದ್ದವಾಗಿ ಬರೆಯಬೇಕೆಂದಲ್ಲ. ಮಾದರಿಯು ಒಮ್ಮೆಗೆ ಗಮನಿಸಬಲ್ಲ ಬರಹಕ್ಕೆ ಮಿತಿಯಿದೆ. ಅನಾವಶ್ಯಕವಾದ ಪ್ರತಿ ವಾಕ್ಯವೂ ಅವಶ್ಯಕವಾದುದರ ಸ್ಥಳವನ್ನು ಆಕ್ರಮಿಸುತ್ತದೆ. ಅಲ್ಲದೆ, ವಿವರಣೆಯು ಬೇಲಿಯಾಗಲಾರದು. ಅಳಿಸಬಾರದ ಕಡತಗಳಿದ್ದರೆ ಸಾಧನವೇ ಅವನ್ನು ಮುಟ್ಟದಂತೆ ತಡೆಯನ್ನು ಇರಿಸಬೇಕು.

ವಿವರಣೆ ಸಾಕಷ್ಟಿದೆಯೇ ಎಂದು ತಿಳಿಯಲು ಸುಲಭವಾದ ಉಪಾಯವಿದೆ. ಸಾಧನವನ್ನು ಎಂದೂ ಕಾಣದ ಸಹೋದ್ಯೋಗಿಗೆ ಅದನ್ನು ಓದಲು ಕೊಡಬೇಕು. ಅವರು ಒಂದು ಪ್ರಶ್ನೆಯನ್ನು ಕೇಳಿದರೂ ಅದರ ಉತ್ತರವನ್ನು ವಿವರಣೆಯಲ್ಲಿ ಸೇರಿಸಬೇಕು. ಏಕೆಂದರೆ ಆ ಪ್ರಶ್ನೆ ಎದುರಾದಾಗ ಯಂತ್ರವು ಅನೇಕ ವೇಳೆ ಕೇಳದೆಯೇ ಊಹಿಸಿ ಮುಂದುವರಿದುಬಿಡುತ್ತದೆ.