ಡ್ರ್ಯಾಗನ್ ಹಣ್ಣಿನ ತೋಟದಲ್ಲಿ ಕೊಳೆರೋಗ: ನೀರಿನ ಹತೋಟಿಯೇ ಮೊದಲ ಕ್ರಮ

ಬಯಲುಸೀಮೆಯ ಅನೇಕ ಗ್ರಾಮಗಳಲ್ಲಿ ರೈತರು ಡ್ರ್ಯಾಗನ್ ಹಣ್ಣಿನ ಬೆಳೆಯತ್ತ ಒಲವು ತೋರಿರುವುದು ಸದಸ್ಯರಿಗೆ ತಿಳಿದ ವಿಷಯ. ಕಂಬ, ಅದರ ಮೇಲೊಂದು ಚಕ್ರ, ಕಂಬಕ್ಕೆ ನಾಲ್ಕು ಸಸಿ ಎಂಬ ಕ್ರಮದಲ್ಲಿ ಮಾಡುವ ಈ ತೋಟಕ್ಕೆ ಬಂಡವಾಳದ ಬಹುಪಾಲು ಮೊದಲ ವರ್ಷದಲ್ಲಿಯೇ ವ್ಯಯವಾಗುತ್ತದೆ. ಸುಮಾರು 20 ವರ್ಷ ಫಲ ಕೊಡಬಲ್ಲ ಗಿಡವು ಎರಡನೆಯ ಮಳೆಗಾಲದಲ್ಲಿಯೇ ಕೊಳೆತುಬಿದ್ದರೆ ರೈತನ ಪಾಲಿಗೆ ಉಳಿಯುವುದು ಕಂಬ ಮತ್ತು ಸಾಲ ಮಾತ್ರ.

ಈ ಸಸ್ಯವು ಪಾಪಾಸುಕಳ್ಳಿಯ ಕುಟುಂಬಕ್ಕೆ ಸೇರಿದ್ದು. ಇದರ ಮೂಲ ಮಧ್ಯ ಅಮೆರಿಕ. ದಪ್ಪನೆಯ ಹಸಿರು ಕಾಂಡವೇ ಎಲೆಯ ಕೆಲಸವನ್ನು ನಿರ್ವಹಿಸುತ್ತ ನೀರನ್ನೂ ಸಂಗ್ರಹಿಸಿಕೊಳ್ಳುತ್ತದೆ. ಉಸಿರಾಟದ ರಂಧ್ರಗಳು ಮುಖ್ಯವಾಗಿ ರಾತ್ರಿ ತೆರೆಯುವುದರಿಂದ ನೀರಿನ ಖರ್ಚು ಅತ್ಯಲ್ಪ. ಬೇರುಗಳು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲಿ ಹರಡುತ್ತವೆ. ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿ ದೊರೆಯದೆ ಕೊಳೆ ಆರಂಭವಾಗುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಕಾಂಡವು ಹಳದಿಯಾದುದನ್ನು ಕಂಡು ನೀರು ಹೆಚ್ಚಿಸುವುದು ಸಾಮಾನ್ಯವಾದ ತಪ್ಪು. ಬಿಸಿಲು ಬೀಳುವ ಪಾರ್ಶ್ವ ಮಾತ್ರ ಹಳದಿಯಾಗಿದ್ದು, ಮುಟ್ಟಿದಾಗ ಗಟ್ಟಿಯಾಗಿದ್ದರೆ ಅದು ಬಿಸಿಲಿನ ಸುಡು. ಅದಕ್ಕೆ ಬೇಕಾದುದು ನೆರಳುಪರದೆ, ಇಲ್ಲವೇ ಸಾಲಿನ ನಡುವೆ ನುಗ್ಗೆಯಂತಹ ಮರದ ತೆಳು ನೆರಳು. ಕಾಂಡ ಮೆತ್ತಗಾಗಿ, ರಸ ಸೋರಿ, ದುರ್ವಾಸನೆ ಬಂದರೆ ಅದು ಕೊಳೆ. ಸುಕ್ಕುಗಟ್ಟಿದ ಗಿಡಕ್ಕೆ ನೀರಿನ ಕೊರತೆ ಇರಬಹುದು. ಆದರೆ ಬೇರು ಕೊಳೆತ ಗಿಡವೂ ನೀರೆಳೆಯಲಾರದೆ ಹಾಗೆಯೇ ಸುಕ್ಕುಗಟ್ಟುತ್ತದೆ. ಆದಕಾರಣ ನೀರು ಬಿಡುವ ಮುನ್ನ ಬೆರಳುದ್ದ ಮಣ್ಣು ಕೆದಕಿ ತೇವವನ್ನು ನೋಡತಕ್ಕದ್ದು.

ಕಾಂಡದ ಮೇಲೆ ಕಿತ್ತಳೆ-ಕಂದು ಬಣ್ಣದ ಚುಕ್ಕೆಗಳು ಮೂಡಿ ಹುಣ್ಣಾಗುವುದು ಶಿಲೀಂಧ್ರ ರೋಗ. ಒಣ ಹವೆಯ ದಿನ ರೋಗದ ಭಾಗಕ್ಕಿಂತ ಕೆಳಗೆ ಕತ್ತರಿಸಿ, ಕತ್ತರಿಯನ್ನು ಪ್ರತಿ ಗಿಡಕ್ಕೂ ಸ್ಪಿರಿಟ್‌ನಿಂದ ಒರೆಸಿ, ಕತ್ತರಿಸಿದ ತುಂಡುಗಳನ್ನು ಸುಡಬೇಕು. ಅವುಗಳನ್ನು ಬದುವಿನ ಮೇಲೆ ಎಸೆಯುವುದು ರೋಗವನ್ನು ನೆರೆಯವರ ಹೊಲಕ್ಕೆ ಕಳುಹಿಸಿದಂತೆಯೇ ಸರಿ. ಬಳಿಕ ಶೇ. 1ರ ಬೋರ್ಡೊ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ 1 ಕಿಲೋ ಬೆರೆಸಿ ಸಿಂಪಡಿಸಬೇಕು.

ನೆಂಟರಿಂದ, ಪರಿಚಿತರಿಂದ ಉಚಿತವಾಗಿ ತರುವ ತುಂಡುಗಳ ಜೊತೆಯಲ್ಲಿ ರೋಗವೂ ಬರಬಹುದು. ಚುಕ್ಕೆಯಿಲ್ಲದ ಕಾಂಡವನ್ನೇ ಆರಿಸಿ, ಕತ್ತರಿಸಿದ ಬಾಯಿ ಒಣಗುವವರೆಗೆ 5ರಿಂದ 7 ದಿನ ನೆರಳಿನಲ್ಲಿರಿಸಿ, ಅನಂತರ ಏರುಮಡಿಯಲ್ಲಿ ನೆಡಬೇಕು. ಕಪ್ಪು ಮಣ್ಣಿನಲ್ಲಿ ಏರುಮಡಿ ಒಂದೂವರೆ ಅಡಿ ಎತ್ತರವಿದ್ದರೂ ಹೆಚ್ಚಲ್ಲ.

ಸದಸ್ಯರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ರಾಗಿ, ಜೋಳದ ಹೊಲಕ್ಕೆ ವರವಾಗುವ ಬದು ಈ ತೋಟಕ್ಕೆ ಕೆರೆಯ ಏರಿಯಾಗಿ ಪರಿಣಮಿಸಬಹುದು. ಕ್ರಿಯಾ ಯೋಜನೆಯಲ್ಲಿ ಇಂತಹ ಜಮೀನಿನ ಬದು ಕಾಮಗಾರಿಯನ್ನು ಸೇರಿಸುವಾಗ ಹೆಚ್ಚುವರಿ ನೀರು ಹೊರಹೋಗಲು ಕೋಡಿ ಇದೆಯೇ, ಆ ನೀರು ಕೆಳಗಿನ ಹೊಲಕ್ಕೆ ನುಗ್ಗದೆ ಹಳ್ಳ ಸೇರುವುದೇ ಎಂಬುದನ್ನು ಸ್ಥಳದಲ್ಲಿಯೇ ಪರಿಶೀಲಿಸಬೇಕು. ಈ ಪರಿಶೀಲನೆ ಮುಂಗಾರಿಗೆ ಮುನ್ನ ಮುಗಿಯತಕ್ಕದ್ದು. ರೋಗ ಗುರುತಿಸಲು ಕಷ್ಟವಾದಲ್ಲಿ ರೋಗದ ಕಾಂಡದ ಮಾದರಿಯನ್ನು ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಾಗದದಲ್ಲಿ ಸುತ್ತಿ ಒಯ್ಯಲು ರೈತರಿಗೆ ತಿಳಿಸುವುದು. ಪ್ಲಾಸ್ಟಿಕ್ ಚೀಲದಲ್ಲಿ ಅದು ದಾರಿಯಲ್ಲಿಯೇ ಕೊಳೆಯುತ್ತದೆ.